ಜನವರಿಯಲ್ಲಿ ಇದ್ದ ಉಳ್ಳಾಲದ ಬೀಚ್ ಜುಲೈನಲ್ಲಿ ಇಲ್ಲ. ಸಮುದ್ರ ಒಳಗೆ ಬರ್ತಿದೆಯಾ?

ನೀವು ಕೇಳಿರುವುದು ಇಷ್ಟು. ಜನವರಿಯಲ್ಲಿ ಉಳ್ಳಾಲಕ್ಕೆ ಹೋದಾಗ ಮಕ್ಕಳು ಕ್ರಿಕೆಟ್ ಆಡುವಷ್ಟು ಮರಳಿತ್ತು. ಜುಲೈನಲ್ಲಿ ಹೋದರೆ ಬರೀ ಕಲ್ಲಿನ ರಾಶಿ. ಸಮುದ್ರ ಮುಂದೆ ಬರ್ತಿದೆಯಾ, ಕಲ್ಲು ಹಾಕಿದರೆ ನಿಲ್ಲುತ್ತಾ, ಆ ಕಡೆ ಹತ್ತು ಸೆಂಟ್ಸ್ ಜಾಗ ತಗೋಬಹುದಾ?

ನಾನು ಮಂಡ್ಯದವನು. ಓದಿದ್ದು ಸಿವಿಲ್, ಕೆಲಸ ಮೈಸೂರಿನಲ್ಲಿ. ಸಮುದ್ರದ ತಜ್ಞನೇನೂ ಅಲ್ಲ. ಆದರೆ ಅಕ್ಕನನ್ನು ಕೊಟ್ಟಿರುವುದು ಉಳ್ಳಾಲದ ಹತ್ತಿರ. ಇಪ್ಪತ್ತು ವರ್ಷದಿಂದ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಹೋಗಿ ಬರುತ್ತಿದ್ದೇನೆ. ಮೊದಲ ಸಲ ಜುಲೈನಲ್ಲಿ ಹೋದಾಗ ನಾನೂ ನಿಮ್ಮ ಹಾಗೆಯೇ ಗಾಬರಿ ಬಿದ್ದಿದ್ದೆ.

ಆಗ ಭಾವ ನಕ್ಕು ಹೇಳಿದ್ದು: "ಮಳೆಗಾಲದಲ್ಲಿ ಕಡಲು ಮರಳನ್ನು ಸಾಲ ತಗೊಳ್ತದೆ ಮಾರಾಯ. ದೀಪಾವಳಿ ಕಳೆದ ಮೇಲೆ ವಾಪಸ್ ಕೊಡ್ತದೆ."

ಇದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಲೆಗಳು ಎತ್ತರ, ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತವೆ. ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ, ದಿಬ್ಬದ ಹಾಗೆ ಗುಡ್ಡೆ ಹಾಕುತ್ತವೆ. ಮಜಾ ಏನೆಂದರೆ ಆಮೇಲೆ ಬರುವ ಅಲೆಗಳು ಆ ದಿಬ್ಬಕ್ಕೇ ಬಡಿದು ಒಡೆಯುತ್ತವೆ. ಅಂದರೆ ಕಿತ್ತುಕೊಂಡ ಮರಳೇ ದಡಕ್ಕೆ ಬೇಲಿಯಾಗುತ್ತದೆ. ಮಳೆ ನಿಂತ ಮೇಲೆ ಅಲೆಗಳು ಉದ್ದಕ್ಕೆ, ನಿಧಾನಕ್ಕೆ ಬರುತ್ತವೆ. ಅವು ಮರಳನ್ನು ಮತ್ತೆ ದಡಕ್ಕೆ ತಳ್ಳುತ್ತವೆ. ಹಾಗಾಗಿ ಒಂದು ಜುಲೈ ನೋಡಿ ಸಮುದ್ರ ಒಳಗೆ ಬಂತು ಅನ್ನೋಕಾಗಲ್ಲ. ಈ ಜನವರಿಗೂ ಹೋದ ಜನವರಿಗೂ ಹೋಲಿಸಿ ನೋಡಬೇಕು.

ಕೊಟ್ಟದ್ದು ಕಡಿಮೆ, ತಗೊಂಡದ್ದು ಜಾಸ್ತಿ ಆದಾಗ ಕಡಲ್ಕೊರೆತ. ಇದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಕಡೆಯವರು ಕರಾವಳಿಗೇ ಹೋಗಬೇಕಿಲ್ಲ, ತಲಕಾಡಿಗೆ ಹೋದರೆ ಸಾಕು. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ" ಅಂತ ಅಲಮೇಲಮ್ಮ ಶಾಪ ಹಾಕಿದಳು ಅನ್ನುವ ಕಥೆ ನಿಮಗೂ ಗೊತ್ತಿರುತ್ತೆ. ಶಾಪವನ್ನು ಪಕ್ಕಕ್ಕಿಟ್ಟು ಮಾತನ್ನು ಮಾತ್ರ ಗಮನಿಸಿ. ಕಾವೇರಿ ಅಲ್ಲಿ ಜೋರಾಗಿ ಬಳಸಿಕೊಂಡು ತಿರುಗುತ್ತದೆ. ತಿರುವಿನ ಒಳಗಡೆಯ ತಲಕಾಡಿನಲ್ಲಿ ನೀರು ನಿಧಾನ, ಅಲ್ಲಿ ಮರಳು ಕೂರುತ್ತದೆ. ಹೊರಗಡೆಯ ಮಾಲಂಗಿಯಲ್ಲಿ ನೀರಿನ ರಭಸ, ಅಲ್ಲಿ ದಡ ಕೊರೆದು ಮಡುವಾಗುತ್ತದೆ. ಬೇಸಿಗೆಯಲ್ಲಿ ಒಣಗಿದ ಮರಳನ್ನು ಗಾಳಿ ಎತ್ತಿ ದೇವಸ್ಥಾನಗಳ ಮೇಲೆ ಸುರಿಯಿತು. ಪಾತಾಳೇಶ್ವರನ ದರ್ಶನಕ್ಕೆ ಮೆಟ್ಟಿಲು ಇಳಿದೇ ಹೋಗಬೇಕು. ಒಂದು ಕಡೆ ಮರಳು, ಇನ್ನೊಂದು ಕಡೆ ಮಡು. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದವರು ಯಾರೋ, ಹೊಳೆಯನ್ನು ಚೆನ್ನಾಗಿ ನೋಡಿದ್ದರು.

ಸಮುದ್ರದಲ್ಲೂ ಅದೇ ಲೆಕ್ಕ. ಅಲೆ ದಡಕ್ಕೆ ನೇರವಾಗಿ ಬಡಿಯುವುದು ಕಮ್ಮಿ, ಓರೆಯಾಗಿ ಬರುವುದೇ ಹೆಚ್ಚು. ಹಾಗಾಗಿ ಮರಳು ದಡದ ಉದ್ದಕ್ಕೂ ಹೊಳೆಯ ಹಾಗೆ ಸಾಗುತ್ತಾ ಇರುತ್ತದೆ. ಬೀಚ್ ಅಂದರೆ ನಿಂತ ನೆಲ ಅಲ್ಲ, ದಾರಿಯಲ್ಲಿರುವ ಮರಳು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಆ ಮರಳು ನಾಲಿಗೆ ಚಾಚಿದ ಹಾಗೆ ಬೆಳೆಯುತ್ತದೆ. ಅದಕ್ಕೆ ಅಲ್ಲಿ ಬೆಂಗ್ರೆ ಅನ್ನುತ್ತಾರೆ. ಮಂಗಳೂರಿನ ಬೆಂಗ್ರೆ, ಉಡುಪಿ ಕಡೆಯ ಕೋಡಿ ಬೆಂಗ್ರೆ, ಎಲ್ಲ ಹಾಗೇ ಆದದ್ದು. ಗೋಕರ್ಣದ ಕಡೆ ಬೇರೆ ಥರ. ಅಲ್ಲಿ ಗುಡ್ಡಗಳೇ ಸಮುದ್ರಕ್ಕೆ ಇಳಿದಿವೆ, ಅಲೆಯ ಹೊಡೆತವನ್ನು ಬಂಡೆಗಳು ತಿನ್ನುತ್ತವೆ, ನಡುವಿನ ಕೊಲ್ಲಿಯಲ್ಲಿ ಮರಳು ಉಳಿಯುತ್ತದೆ. ಓಂ ಬೀಚಿಗೆ ಆ ಆಕಾರ ಬಂದದ್ದು ಹಾಗೆ.

ಈಗ ಮನುಷ್ಯರ ಕಥೆ. ಅಳಿವೆಯಲ್ಲಿ ಮರಳು ತುಂಬಿದರೆ ಮೀನುಗಾರಿಕೆ ದೋಣಿ ಮಗುಚುತ್ತವೆ, ಜೀವ ಹೋಗುತ್ತದೆ. ಅದಕ್ಕೇ ನೇತ್ರಾವತಿ, ಗುರುಪುರ ನದಿಗಳ ಅಳಿವೆಗೆ ಎರಡೂ ಕಡೆ ಸಮುದ್ರದೊಳಗೆ ಕಲ್ಲಿನ ಗೋಡೆ ಕಟ್ಟಿದರು. ದೋಣಿಗಳಿಗೆ ದಾರಿಯಾಯಿತು. ಆದರೆ ಸಾಗುತ್ತಿದ್ದ ಮರಳಿಗೆ ಅಡ್ಡ ಬಾಗಿಲು ಬಿತ್ತು. ಬೆಂಗ್ರೆ ಕಡೆ ಮರಳು ಕೂಡಿತು, ಉಳ್ಳಾಲದ ಕಡೆ ಕೊರೆತ ಹೆಚ್ಚಾಯಿತು. ತಲಕಾಡು ಮಾಲಂಗಿಯೇ ಅಲ್ವಾ? ಇದರ ದೊಡ್ಡ ಉದಾಹರಣೆ ಚೆನ್ನೈ. ಅಲ್ಲಿ ಬಂದರಿನ ಕೆಲಸ 1876ರಲ್ಲಿ ಶುರುವಾಯಿತು. ಬಂದರಿನ ದಕ್ಷಿಣಕ್ಕೆ ಮರಳು ಸೇರಿ ಸೇರಿ ಮರೀನಾ ಬೀಚ್ ಅಷ್ಟು ಅಗಲವಾಯಿತು. ಉತ್ತರದ ರಾಯಪುರಂ ಕಡೆ ದಡ ಕೊಚ್ಚಿಹೋಯಿತು. ಮರೀನಾದಲ್ಲಿ ಸುಂಡಲ್ ತಿನ್ನುವಾಗ ನಾವು ಕೂತಿರುವುದು ಇನ್ನೊಬ್ಬರ ದಡದ ಮೇಲೆ.

ಕಲ್ಲು ಹಾಕಿದರೆ ನಿಲ್ಲುತ್ತಾ? ಹಿಂದಿರುವ ರಸ್ತೆ, ಮನೆ ಕೆಲವು ಕಾಲ ಉಳಿಯುತ್ತವೆ. ಬೀಚ್ ಉಳಿಯುವುದಿಲ್ಲ. ಮರಳಿನ ದಡ ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕಲ್ಲಿಗೆ ಬಡಿದ ಅಲೆ ವಾಪಸ್ ಬಂದು ಗೋಡೆಯ ಬುಡದ ಮರಳನ್ನೇ ತೋಡುತ್ತದೆ. ಬುಡ ಹೋದ ಮೇಲೆ ಕಲ್ಲು ಕುಸಿಯುತ್ತದೆ, ಮುಂದಿನ ವರ್ಷ ಮತ್ತೆ ಲಾರಿ ಬರುತ್ತದೆ. ಗೋಡೆ ಮುಗಿಯುವ ತುದಿಯಲ್ಲಂತೂ ಪಕ್ಕದವರ ತೋಟಕ್ಕೆ ಎರಡು ಪಟ್ಟು ಹೊಡೆತ. ಅಕ್ಕನ ಮನೆಗೆ ಆದದ್ದು ಇದೇ. ಪಕ್ಕದ ಜಾಗದವರೆಗೆ ಕಲ್ಲು ಬಂತು, ಇವರ ಬೇಲಿ ಹತ್ತಿರ ದುಡ್ಡು ಮುಗಿಯಿತು.

ಬೇರೆ ದಾರಿಗಳಿವೆ. ಎಡಿಬಿ, ಅಂದರೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದಲ್ಲೇ ದಡದಿಂದ ದೂರ, ನೀರಿನೊಳಗೆ ದಿಬ್ಬ ಕಟ್ಟಿದರು. ಸಮುದ್ರ ತಾನೇ ಮಾಡುವ ಮರಳಿನ ದಿಬ್ಬದ ನಕಲು ಅದು. ಪುದುಚೇರಿಯಲ್ಲಿ 2018ರಲ್ಲಿ ನೀರಿನಡಿ ಉಕ್ಕಿನ ದಿಬ್ಬ ಇಳಿಸಿ, ಜೊತೆಗೆ ಮರಳು ತಂದು ಸುರಿದರು. ವರ್ಷಗಳಿಂದ ಬರೀ ಕಲ್ಲಿದ್ದ ಕಡೆ ಸ್ವಲ್ಪ ಬೀಚ್ ವಾಪಸ್ ಬಂತು. ಡಚ್ಚರು 2011ರಲ್ಲಿ ದಿ ಹೇಗ್ ಹತ್ತಿರ ಒಂದೇ ಜಾಗದಲ್ಲಿ ಸುಮಾರು 2.15 ಕೋಟಿ ಘನ ಮೀಟರ್ ಮರಳು ಸುರಿದು, ಹಂಚುವ ಕೆಲಸವನ್ನು ಅಲೆಗೇ ಬಿಟ್ಟರು. ನನಗೆ ಇಷ್ಟವಾದದ್ದು ಇದು. ಆದರೆ ದುಡ್ಡಿದ್ದವರ ಆಟ.

ಇನ್ನೊಂದು ಮಾತು ನಮ್ಮ ಬುಡಕ್ಕೇ ಬರುತ್ತದೆ. ಬೀಚಿನ ಮರಳು ಎಲ್ಲಿಂದ ಬಂತು? ಬಹುಪಾಲು ನದಿಯಿಂದ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ನಿಂತಾಗ ಹೂಳೂ ಮರಳೂ ಅಲ್ಲೇ ತಳ ಸೇರುತ್ತವೆ. ಉಳಿದದ್ದಕ್ಕೆ ಕೆಳಗೆ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಇದೆ. ಮಧ್ಯೆ ನಾವು ಮನೆ ಕಟ್ಟೋಕೆ ತೆಗೆದದ್ದು ಬೇರೆ. ಹಿಂದೆ ಹೋಗುತ್ತಿದ್ದಷ್ಟು ಮರಳು ಈಗ ಕಾವೇರಿ ಸಮುದ್ರ ಸೇರುವ ಪೂಂಪುಹಾರ್ ಕಡೆಯ ದಡಕ್ಕೆ ಹೋಗುವುದಿಲ್ಲ. ನೀರಿಗೆ ಇಷ್ಟು ಜಗಳ ಆಡುತ್ತೇವೆ, ಮರಳಿನ ಪಾಲನ್ನು ಯಾರೂ ಕೇಳಿದ್ದು ನಾನು ಕಂಡಿಲ್ಲ. ಕಟ್ಟೆ ಬೇಡ ಅಂತ ಹೇಳುತ್ತಿಲ್ಲ ಸ್ವಾಮಿ, ನಾನೂ ವಿಸಿ ನಾಲೆ ನೀರಲ್ಲಿ ಬೆಳೆದ ಅನ್ನ ತಿಂದವನೇ.

ಕೊನೆಗೆ ನಿಮ್ಮ ಹತ್ತು ಸೆಂಟ್ಸ್. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ಮೊದಲು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆ ನೋಡಿ. 1991ರಲ್ಲಿ ಬಂದ ನಿಯಮ, 2011 ಮತ್ತು 2019ರಲ್ಲಿ ಬದಲಾಗಿದೆ. ಭರತದ ನೀರು ಮುಟ್ಟುವ ಗೆರೆಯಿಂದ 500 ಮೀಟರ್‌ವರೆಗೆ ಇದರ ಹಿಡಿತ. ಹಳ್ಳಿ ಭಾಗವಾದರೆ ಮೊದಲ 200 ಮೀಟರ್‌ನಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ 2019ರ ನಿಯಮ ಅದನ್ನು 50 ಮೀಟರ್‌ಗೆ ಇಳಿಸಿದೆ. ಪಟ್ಟಣದ ಭಾಗದಲ್ಲಿ, ಈಗಾಗಲೇ ಇರುವ ರಸ್ತೆ ಅಥವಾ ಅನುಮತಿ ಪಡೆದ ಕಟ್ಟಡದ ಹಿಂದೆ ಮಾತ್ರ ಕಟ್ಟಬಹುದು. ಬ್ರೋಕರ್ "ಎಲ್ಲ ಆಗ್ತದೆ" ಅಂದರೆ ನಂಬಬೇಡಿ.

ಜಾಗ ನೋಡೋಕೆ ಜುಲೈ ಕೊನೆಯಲ್ಲೇ ಹೋಗಿ. ಪಕ್ಕದ ಮನೆಯ ಹಿರಿಯರನ್ನು ಮಾತಾಡಿಸಿ, ಸಮುದ್ರದ ಕಡೆಗೆ ಮೊದಲು ಎಷ್ಟು ಸಾಲು ತೆಂಗಿತ್ತು ಅಂತ ಕೇಳಿ. ಅಕ್ಕನ ಮನೆ ಹಿಂದೆ ಭಾವನ ಬಾಲ್ಯದಲ್ಲಿ ಐದು ಸಾಲು ಇತ್ತಂತೆ. ಮದುವೆಗೆ ಹೋದಾಗ ನಾನು ಎಣಿಸಿದ್ದು ನಾಲ್ಕು. ಈಗ ಎರಡು.