ಕೀನ್ಯಾ ಮಿಷನ್‌ಗೆ ಹೊರಟವರ ಪ್ರಶ್ನೆಗಳು

ನಮ್ಮ ಮೂವರು ಸಿಸ್ಟರ್‌ಗಳು ಕೀನ್ಯಾದ ಒಂದು ಧರ್ಮಪ್ರಾಂತ್ಯಕ್ಕೆ ಹೊರಟಿದ್ದಾರೆ. ಪರವಾನಗಿಯನ್ನು ಅಲ್ಲಿಗೆ ಹೋದ ಮೇಲೆ ಮಾಡಿಸಿಕೊಂಡರೆ ಆಗದೇ? — ಮಂಗಳೂರು

ಬೇಡ, ಇಲ್ಲಿರುವಾಗಲೇ ಅರ್ಜಿ ಹಾಕಿಸಿ. 2024ರ ಜನವರಿಯಿಂದ ಕೀನ್ಯಾದಲ್ಲಿ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಸುಲಭವಾಗಿ ಸಿಗುತ್ತದೆ, ಆದರೆ ಅದು ಬಂದುಹೋಗುವವರಿಗೆ ಮಾತ್ರ. ಧಾರ್ಮಿಕ ಸೇವೆಗೆ ಬೇಕಾದದ್ದು ‘ಕ್ಲಾಸ್ ಐ’ ಪರವಾನಗಿ. ಸಂಬಳ ಪಡೆಯುವುದಿಲ್ಲ ಎಂದರೂ ಇದರಿಂದ ವಿನಾಯಿತಿ ಇಲ್ಲ. ಅರ್ಜಿ ಹಾಕಬೇಕಾದವರು ನಿಮ್ಮನ್ನು ಬರಮಾಡಿಕೊಳ್ಳುವ ಧರ್ಮಪ್ರಾಂತ್ಯ ಅಥವಾ ಸಂಸ್ಥೆ. ಅದು ಅಲ್ಲಿ ನೋಂದಣಿಯಾಗಿರಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆಂದೇ ಲೆಕ್ಕ ಹಾಕಿ.

ಅರ್ಜಿ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಮನೆಯವರಿಟ್ಟ ಹೆಸರು, ನರ್ಸಿಂಗ್ ಸರ್ಟಿಫಿಕೇಟ್‌ನಲ್ಲಿ ಮಠದ ಹೆಸರು, ಸನ್ಯಾಸಿನಿಯರ ಸಭೆಯ ಪತ್ರದಲ್ಲಿ ಮೂರನೆಯದೊಂದು: ಈ ಮೂವರೂ ಒಬ್ಬರೇ ಎಂದು ಅಧಿಕಾರಿಗೆ ಹೇಗೆ ತಿಳಿಯಬೇಕು? ಈ ಎಲ್ಲ ಹೆಸರುಗಳೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಇಲ್ಲೇ ಮಾಡಿಸಿ. ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ ಇದ್ದರೆ ಹೊರಡುವ ಮೊದಲೇ ತುಂಬಿಸಿಕೊಳ್ಳಿ. ಕನ್ನಡ, ಲ್ಯಾಟಿನ್ ಭಾಷೆಯ ಪ್ರಮಾಣಪತ್ರಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಪರವಾನಗಿ ಕೈಗೆ ಬಂದ ಮೇಲೆ ವಿದೇಶಿಯರ ಗುರುತುಚೀಟಿಗೂ ನೋಂದಾಯಿಸಬೇಕು. ಇದನ್ನು ಮರೆತವರೇ ಹೆಚ್ಚು.

ಯಾವ ಲಸಿಕೆ, ಯಾವ ಮಾತ್ರೆ? ಕರಾವಳಿಯವರಿಗೆ ಮಲೇರಿಯಾ ಹೊಸದೇನಲ್ಲವಲ್ಲ! — ಉಡುಪಿ

ಆ ಧೈರ್ಯವೇ ಅಪಾಯ. ಮಂಗಳೂರು ಕಡೆ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಕೀನ್ಯಾದಲ್ಲಿ ಬಹುಪಾಲು ಫಾಲ್ಸಿಪೇರಮ್ ಎಂಬ ಬಗೆ. ಅದು ಎರಡು ಮೂರು ದಿನಗಳಲ್ಲೇ ಮಿದುಳಿಗೆ, ಮೂತ್ರಪಿಂಡಕ್ಕೆ ಏರಬಲ್ಲದು, ಅಲ್ಲಿ ಕ್ಲೋರೋಕ್ವಿನ್ ಎಂಬ ಹಳೆಯ ಮಲೇರಿಯಾ ಮಾತ್ರೆಗೆ ಬಗ್ಗುವುದೂ ಇಲ್ಲ. ಊರಿನಿಂದ ಹಳೆಯ ಕ್ಲೋರೋಕ್ವಿನ್ ಪಟ್ಟಿ ಒಯ್ದು ಜ್ವರ ಬಂದಾಗ ನುಂಗುವವರಿದ್ದಾರೆ, ದಯವಿಟ್ಟು ಬೇಡ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾಕ್ಕೆ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಮಾತ್ರೆ ಕೊಟ್ಟರೆ ಹಾಲು ಅಥವಾ ಎಣ್ಣೆ ಪದಾರ್ಥದ ಜೊತೆಗೇ ತೆಗೆದುಕೊಳ್ಳಿ. ಬರಿ ಹೊಟ್ಟೆಯಲ್ಲಿ ಔಷಧ ಸರಿಯಾಗಿ ಹೀರಲ್ಪಡುವುದಿಲ್ಲ.

ನೈರೋಬಿ ಎತ್ತರದ ಊರು, ಅಪಾಯ ಕಡಿಮೆ. ವಿಕ್ಟೋರಿಯಾ ಸರೋವರದ ಸುತ್ತ, ಕಿಸುಮು ಕಡೆ, ಮೊಂಬಾಸಾ ಕರಾವಳಿಯಲ್ಲಿ ಹೆಚ್ಚು. ಅಲ್ಲಿಗೆ ಹೋಗುವವರು ತಡೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಡಾಕ್ಸಿಸೈಕ್ಲಿನ್ ಕೊಟ್ಟರೆ ದಿನಕ್ಕೆ 100 ಮಿಲಿಗ್ರಾಂ, ಹೋಗುವ 1–2 ದಿನ ಮೊದಲು ಆರಂಭ, ಆ ಜಾಗ ಬಿಟ್ಟ ಮೇಲೂ 4 ವಾರ. ತುಂಬು ಲೋಟ ನೀರಿನಲ್ಲಿ ನುಂಗಿ ಕೂಡಲೇ ಮಲಗಬೇಡಿ, ಅನ್ನನಾಳ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮವೂ ಬೇಗ ಸುಡುತ್ತದೆ. ಮಾನಸಿಕ ಕಾಯಿಲೆಯ ಹಿನ್ನೆಲೆ ಇದ್ದವರಿಗೆ ಮೆಫ್ಲೋಕ್ವಿನ್ ಎಂಬ ಇನ್ನೊಂದು ತಡೆ ಮಾತ್ರೆ ಕೂಡದು. ಯಾವ ಮಾತ್ರೆ ನುಂಗಿದರೂ ಸೊಳ್ಳೆಪರದೆ ಬಿಡುವಂತಿಲ್ಲ.

ಹಳದಿ ಜ್ವರದ ಲಸಿಕೆಯನ್ನು ಒಂದು ಸಲ ಹಾಕಿಸಿಕೊಂಡರೆ ಸಾಕು. 2016ರ ಜುಲೈನಿಂದ ಅದರ ಪ್ರಮಾಣಪತ್ರ ಜೀವನಪೂರ್ತಿ ಚಾಲ್ತಿ. ಆದರೆ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಅದಕ್ಕೆ ಬೆಲೆ. ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮೊಟ್ಟೆ ಒಗ್ಗದವರೂ 60 ದಾಟಿದವರೂ ಮೊದಲು ವೈದ್ಯರ ಮಾತು ಕೇಳಲಿ.

ನೀರು ಕುದಿಸಿ ಕುಡಿದರೆ ಸಾಕಲ್ಲವೇ? — ಕೋಲಾರ

ರೋಗಾಣುಗಳಿಗೆ ಸಾಕು. ಚೆನ್ನಾಗಿ ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರ್‌ಗಿಂತ ಎತ್ತರದ ಊರುಗಳಲ್ಲಿ 3 ನಿಮಿಷ. ಆದರೆ ನಕುರು, ನೈವಾಶಾ ಮೊದಲಾದ ರಿಫ್ಟ್ ಕಣಿವೆಯ ಊರುಗಳ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಕೋಲಾರದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ, ಕ್ಯಾಂಡಲ್ ಫಿಲ್ಟರ್‌ಗೂ ಸಿಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಮೂಳೆಯಿದ್ದಿಲ ಫಿಲ್ಟರ್ ಬೇಕು. ನಕುರು ಕಥೋಲಿಕ ಧರ್ಮಪ್ರಾಂತ್ಯ ಈ ಕೆಲಸದಲ್ಲಿ ಹೆಸರು ಮಾಡಿದೆ. ಇದ್ದಿಲು ಸವೆದ ಮೇಲೂ ನೀರು ತಿಳಿಯಾಗಿಯೇ ಇಳಿಯುತ್ತದೆ, ಹಾಗಾಗಿ ಕಣ್ಣಳತೆ ನಂಬದೆ ಆಗಾಗ ಪರೀಕ್ಷೆ ಮಾಡಿಸಿ. ಮಳೆನೀರಿನ ಟ್ಯಾಂಕ್ ಇದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಮೀಸಲಿಡಿ. ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ, ಸಣ್ಣ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್.

ಸ್ವಾಹಿಲಿ ಕಲಿಯಲು ಎಷ್ಟು ಕಾಲ ಬೇಕು? ಇಂಗ್ಲಿಷಿನಲ್ಲೇ ನಡೆಯುತ್ತದೆ ಎನ್ನುತ್ತಾರೆ. — ಮಡಿಕೇರಿ

ಆಫೀಸಿನಲ್ಲಿ, ಶಾಲೆಯಲ್ಲಿ ನಡೆಯುತ್ತದೆ. ಪಾಪನಿವೇದನೆ ಕೇಳಲು, ಸಾವಿನ ಮನೆಯಲ್ಲಿ ಕೂರಲು ನಡೆಯುವುದಿಲ್ಲ. ಮೊದಲ ನಾಲ್ಕು ತಿಂಗಳು ಬೇರೆ ಜವಾಬ್ದಾರಿ ಕೊಡಬೇಡಿ ಎಂದು ಬಿಷಪರ ಜೊತೆಗಿನ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಹೋದ ವಾರವೇ ಶಾಲೆಯ ಮುಖ್ಯಸ್ಥೆಯಾಗಿ ಕೂತವರು ಐದು ವರ್ಷವಾದರೂ ಮಾರುಕಟ್ಟೆಯ ಸ್ವಾಹಿಲಿ ದಾಟುವುದಿಲ್ಲ.

ಕನ್ನಡಿಗರಿಗೆ ಉಚ್ಚಾರಣೆ ಸುಲಭ: ಐದೇ ಸ್ವರ, ಪದಗಳು ಸ್ವರದಲ್ಲೇ ಮುಗಿಯುತ್ತವೆ. ಒತ್ತು ಮಾತ್ರ ಕೊನೆಯಿಂದ ಎರಡನೇ ಅಕ್ಷರಕ್ಕೆ. ಕಷ್ಟ ಇರುವುದು ನಾಮಪದಗಳ ಗುಂಪುಗಳಲ್ಲಿ. ನಮ್ಮ ಪ್ರತ್ಯಯಗಳು ಪದದ ಬಾಲಕ್ಕೆ ಹತ್ತುತ್ತವೆ, ಅಲ್ಲಿ ತಲೆಯೇ ಬದಲಾಗುತ್ತದೆ: ‘ಕಿತಾಬು ಕಿಝೂರಿ’ ಒಂದು ಒಳ್ಳೆಯ ಪುಸ್ತಕ, ‘ವಿತಾಬು ವಿಝೂರಿ’ ಹಲವು. ಒಂಟಿ ಪದ ಉರು ಹೊಡೆಯದೆ ಯಾವಾಗಲೂ ವಿಶೇಷಣದ ಜೋಡಿಯಲ್ಲೇ ಕಲಿಯಿರಿ. ಪ್ರವಚನ ಬರೆದು ಕ್ಯಾಟೆಕಿಸ್ಟರಿಗೆ (ಧರ್ಮಬೋಧನೆ ಮಾಡುವವರಿಗೆ) ಓದಿ ತೋರಿಸಿ. ದೂರದ ಉಪಕೇಂದ್ರಗಳನ್ನು ನಡೆಸುವವರು ಅವರೇ, ಜನರ ಕಿವಿ ಅವರಿಗೆ ಗೊತ್ತು. ಇನ್ನು ಗಡಿಯಾರ: ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ. ‘ಸಾ ತಾತು’ ಎಂದರೆ ಮೂರು, ಬೆಳಿಗ್ಗೆಯ ಮಾತಾದರೆ ನಮ್ಮ ಒಂಬತ್ತು. ಆರು ಸೇರಿಸಿ. ಸೇರಿಸದವರು ಮದುವೆ ಪೂಜೆಯನ್ನೇ ತಪ್ಪಿಸಿಕೊಳ್ಳುತ್ತಾರೆ. ಪೂಜೆ ಎಂದಾಗ ನೆನಪಾಯಿತು, ಅಲ್ಲಿ ಭಾನುವಾರದ ಪೂಜೆ ಹಾಡು ಕುಣಿತ ಸೇರಿ ಎರಡು ಗಂಟೆ ದಾಟುವುದು ಸಾಮಾನ್ಯ. ಮುಕ್ಕಾಲು ಗಂಟೆಯಲ್ಲಿ ಮುಗಿಸಿದರೆ ನಡೆದು ಬಂದವರಿಗೆ ಬೇಸರ.

ಜನ ದುಡ್ಡು ಕೇಳುತ್ತಾರಂತೆ. ಏನು ಮಾಡಬೇಕು? — ಶಿವಮೊಗ್ಗ

ಕೇಳುತ್ತಾರೆ, ಅದರಲ್ಲೂ ಶಾಲೆ ತೆರೆಯುವ ಜನವರಿಯಲ್ಲಿ. ಮೊದಲ ತಿಂಗಳಲ್ಲಿ ನೀವು ಕೊಟ್ಟದ್ದೇ ಮುಂದಿನ ವರ್ಷಗಳ ದರವಾಗುತ್ತದೆ. ಸ್ವಂತ ಜೇಬಿನಿಂದ ಕೊಡಬೇಡಿ. ಪ್ಯಾರಿಷ್ ಸಮಿತಿಯ ಮುಂದಿಡಿ, ಯಾರು ನಿಜವಾಗಿ ಬಡವರೆಂದು ಅವರಿಗೆ ತಿಳಿದಿದೆ. ಶುಲ್ಕವನ್ನು ನೇರ ಶಾಲೆಯ ಖಾತೆಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಆದರೆ ಹರಂಬೆ ಎಂಬ ಸಾಮೂಹಿಕ ಚಂದಾ ಸಭೆಗೆ ಕರೆದರೆ ಹೋಗಿ, ಚಿಕ್ಕ ಮೊತ್ತವನ್ನಾದರೂ ಕೊಡಿ. ಅಲ್ಲಿ ಹೆಸರು, ಮೊತ್ತ ಎರಡನ್ನೂ ಕೂಗಿ ಹೇಳುವುದರಿಂದ ಜನ ಸಾಮಾನ್ಯವಾಗಿ ಕೊಡುವ ಮೊತ್ತ ಎಷ್ಟೆಂದು ಮೊದಲೇ ಕೇಳಿಕೊಂಡಿರಿ.

ಪೆಟ್ಟಿಗೆಯಲ್ಲಿ ಏನಿರಲಿ? — ಹಾಸನ

ಪ್ರೆಷರ್ ಕುಕ್ಕರ್, ಬಿಡಿ ಗ್ಯಾಸ್ಕೆಟ್ ಸಮೇತ. 1,800 ಮೀಟರ್ ಎತ್ತರದ ನೈರೋಬಿಯಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ ಎನಿಸುತ್ತದೆ. ಪ್ಲಗ್‌ಗಳು ಚಪ್ಪಟೆ ಮೂರು ಪಿನ್ನಿನವು, ಅಡಾಪ್ಟರ್ ಬೇಕು; ವೋಲ್ಟೇಜ್ ನಮ್ಮಂತೆಯೇ. ಜುಲೈ ಚಳಿಗೆ ಸ್ವೆಟರ್. ಪ್ಲಾಸ್ಟಿಕ್ ಕೈಚೀಲಗಳನ್ನು ತೆಗೆದುಬಿಡಿ, 2017ರ ಆಗಸ್ಟ್‌ನಿಂದ ಅಲ್ಲಿ ನಿಷೇಧ. ರಾಗಿ ಹೊರಬೇಡಿ: ಅದು ‘ವಿಂಬಿ’ ಹೆಸರಿನಲ್ಲಿ ಸಿಗುತ್ತದೆ, ಮೆಕ್ಕೆಜೋಳದ ಹಿಟ್ಟಿನ ಉಗಾಲಿಯೂ ನಮ್ಮ ಮುದ್ದೆಯ ಹಾಗೇ ಗಟ್ಟಿ. ತೊಗರಿಯೂ ಇದೆ.

ಇಲ್ಲಿನ ಬ್ಯಾಂಕ್ ಖಾತೆ? — ಬೆಂಗಳೂರು

ದೀರ್ಘ ಸೇವೆಗೆ ಹೊರಟರೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಬೇಕು. ಓಟಿಪಿ ಬರಲು ಇಲ್ಲಿನ ಸಿಮ್ ಅನ್ನು ರೋಮಿಂಗ್ ಹಾಕಿಸಿ ಜೀವಂತವಿಡಿ. ಅಲ್ಲಿ ದಿನನಿತ್ಯದ ವ್ಯವಹಾರವೆಲ್ಲ 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆಯಲ್ಲಿ, ಸಿಮ್ ನೋಂದಣಿಗೆ ಪಾಸ್‌ಪೋರ್ಟ್ ಒಯ್ಯಿರಿ. ಪ್ಯಾರಿಷ್ ಹಣಕ್ಕೂ ಸ್ವಂತ ಹಣಕ್ಕೂ ಒಂದೇ ನಂಬರ್ ಬಳಸಬೇಡಿ. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ಬಂದಾಗ ಬೇರ್ಪಡಿಸಲು ಆಗುವುದಿಲ್ಲ.