52ನೇ ವಯಸ್ಸಿನಲ್ಲಿ ಮತ್ತೆ ನೈಟ್ ಡ್ಯೂಟಿಗೆ ಹೋಗಬಹುದಾ? ದೇಹ ತಡೆಯುತ್ತಾ?

ಸಿಸ್ಟರ್, ಏಳೆಂಟು ವರ್ಷದಿಂದ ಓಪಿಡಿಯಲ್ಲಿ ಹಗಲು ಡ್ಯೂಟಿ, ಮೈಯಲ್ಲಿ ಶುಗರ್, ತಲೆ ಮೇಲೆ ಮಗಳ ಮದುವೆ ಸಾಲ, ಈಗ ನೈಟ್‌ಗೆ ಬಂದರೆ ಅಲೊವನ್ಸ್ ಕೊಡುತ್ತೇವೆ ಅಂತ ಕರೆಯುತ್ತಿದ್ದಾರೆ ಅಂತ ಬರೆದಿದ್ದೀರಿ. ಮಗಳ ಮದುವೆ ಅಂತ ಇರುವ ಕಡೆ ಮಗನ ಫೀಸು ಅಂತ ಹಾಕಿದರೆ ಇದು ನನ್ನದೇ ಕಥೆ.

ನಾನು ಶಿವಮೊಗ್ಗದವಳು. ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಮೂವತ್ತು ವರ್ಷದ ಮೇಲಾಯಿತು. ಮಕ್ಕಳು ಚಿಕ್ಕವರಿದ್ದಾಗ ನೈಟ್ ಮಾಡಿ ಸಾಕಾಗಿ ಒಂದು ಕ್ಲಿನಿಕ್ ಸೇರಿಕೊಂಡಿದ್ದೆ. ಮಗ ಇಂಜಿನಿಯರಿಂಗ್ ಸೇರಿದ ವರ್ಷವೇ ನಮ್ಮ ಯಜಮಾನರು ಅಂಗಡಿ ಮುಚ್ಚಬೇಕಾಯಿತು. ಖಾಸಗಿ ಆಸ್ಪತ್ರೆಯೊಂದರ ಪೋಸ್ಟ್ ಆಪ್ ವಾರ್ಡ್‌ಗೆ (ಆಪರೇಷನ್ ಆದವರನ್ನು ಇಡುವ ವಾರ್ಡ್) ಸಿಸ್ಟರ್ ಬೇಕಾಗಿತ್ತು, ರಾತ್ರಿ 8ರಿಂದ ಬೆಳಿಗ್ಗೆ 8. ಯೋಚನೆ ಮಾಡುವಷ್ಟು ಪುರುಸೊತ್ತೂ ಇರಲಿಲ್ಲ, ಹೋದೆ. ಆಗ ನನಗೆ 53.

ಎಲ್ಲರೂ ಹೆದರಿಸಿದ್ದರು. ಈ ವಯಸ್ಸಿನಲ್ಲಿ ನಿದ್ದೆಗೆಡೋದಾ, ಕೈ ನಡುಗುತ್ತೆ, ಔಷಧಿ ತಪ್ಪಾಗಿ ಕೊಟ್ಟುಬಿಡ್ತೀಯ ಅಂತೆಲ್ಲ. ನಿಜ ಹೇಳಬೇಕೆಂದರೆ ರಾತ್ರಿ ನನಗೆ ಕಷ್ಟವಾಗಲೇ ಇಲ್ಲ. ಮೂರರಿಂದ ಐದರವರೆಗೆ ಮಾತ್ರ ಸ್ವಲ್ಪ ತೂಕಡಿಕೆ. ಬೆಳಗಿನ ಜಾವ ಮೈಯ ಉಷ್ಣತೆ ದಿನದಲ್ಲೇ ಅತಿ ಕೆಳಗೆ ಇಳಿದಿರುತ್ತದೆ, ಸ್ವೆಟರ್ ಹಾಕಿಕೊಂಡರೂ ಚಳಿ. ಆ ಹೊತ್ತಿಗೆ ನಾನು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ, ಅಷ್ಟೇ. ಅಲ್ಲದೆ ವಯಸ್ಸಾದ ನರ್ಸ್‌ಗೆ ರಾತ್ರಿ ಹೊತ್ತು ಒಂದು ಬೆಲೆ ಇದೆ. ಆಪರೇಷನ್ ಆದ ಅಜ್ಜ ಪದೇ ಪದೇ ಹಾಸಿಗೆಯಿಂದ ಏಳಲು ನೋಡಿದರೆ ಹೊಸ ಹುಡುಗಿಯರು ಹಠ ಅಂದುಕೊಳ್ಳುತ್ತಾರೆ. ನಾನು ಮೊದಲು ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುತ್ತೇನೆ, ಆಮೇಲೆ ಯೂರಿನ್ ಬ್ಯಾಗ್. ಮೂತ್ರದ ಪೈಪ್ ಮಡಚಿಕೊಂಡು ಹೊಟ್ಟೆ ಉಬ್ಬಿ ಒದ್ದಾಡುತ್ತಿದ್ದವರನ್ನು ಎಷ್ಟು ಜನರನ್ನು ನೋಡಿಲ್ಲ! ಆದ್ದರಿಂದ ನಿಮಗೆ ಆಗುತ್ತಾ ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ರಾತ್ರಿ ಆಗುತ್ತದೆ. ಹಗಲು ಏನು ಮಾಡುತ್ತೀರಿ? ನೀವು ಬರೆದಿರುವುದರಲ್ಲಿ ಹಗಲಿನ ಬಗ್ಗೆ ಒಂದು ಸಾಲೂ ಇಲ್ಲ.

ನಾನೂ ಅದನ್ನು ಯೋಚಿಸಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಒಂಬತ್ತು. ಮಲಗಿದರೆ ಪಕ್ಕದ ಮನೆ ಕುಕ್ಕರ್ ಕೂಗು, ತರಕಾರಿ ಗಾಡಿಯವನ ಮೈಕು, ಕೊರಿಯರ್, ಅತ್ತೆಯವರ ಟಿವಿ. ಇಪ್ಪತ್ತೈದರಲ್ಲಿ ಇದೆಲ್ಲ ಕೇಳಿಸುತ್ತಲೇ ಇರಲಿಲ್ಲ. ವಯಸ್ಸಾದಂತೆ ಬೇಗ ಮಲಗಿ ಬೇಗ ಏಳುವ ಕಡೆಗೆ ಮೈ ವಾಲುತ್ತದೆ, ನಿದ್ದೆಯೂ ತೆಳುವಾಗುತ್ತದೆ. ಹನ್ನೆರಡೂವರೆಗೆ ಎಚ್ಚರ ಆಗಿಬಿಡುತ್ತಿತ್ತು. ಹೇಗೂ ಎದ್ದಿದ್ದೀಯಲ್ಲ ಅಂತ ಅನ್ನ ಸಾರು ನನ್ನ ಪಾಲಿಗೆ.

ಈಗ ನನಗೆ ಪೆಟ್ಟು ಕೊಟ್ಟ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ನನಗೆ ಶುಗರ್ ಇದೆ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಅನ್ನುವ ಇನ್ನೊಂದು ಶುಗರ್ ಮಾತ್ರೆ 1 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ. ನೈಟ್ ಶುರುವಾದ ಮೇಲೆ ಶುಗರ್ ಏರತೊಡಗಿತು. ಅದೇನೂ ಆಶ್ಚರ್ಯ ಅಲ್ಲ. ಅದೇ ಅನ್ನವನ್ನು ಹಗಲು ಉಂಡರೆ ಏರುವುದಕ್ಕಿಂತ ರಾತ್ರಿ ಉಂಡರೆ ಶುಗರ್ ಜಾಸ್ತಿ ಏರುತ್ತದೆ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ನೋಡಿ ಡಾಕ್ಟರು ಗ್ಲಿಮೆಪಿರೈಡನ್ನು 2 ಮಿಲಿಗ್ರಾಂ ಮಾಡಿದರು. ನಾನು ನೈಟ್ ಮಾಡುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದರೆ ಬೈದು ಬಿಡಿಸುತ್ತಾರೆ ಅನ್ನುವ ಅಳುಕು ಒಳಗೆ ಇತ್ತು. ಚೀಟಿಯಲ್ಲಿ ಬರೆದಿದ್ದು, ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು.

ಬೆಳಿಗ್ಗೆ ಅನ್ನುವುದು ನನಗೆ ಮಲಗುವ ಹೊತ್ತು. ಆದರೂ ಮನೆಗೆ ಬಂದ ಕೂಡಲೇ ಅಭ್ಯಾಸಬಲದಿಂದ ಮಾತ್ರೆ ನುಂಗಿ, ಅರ್ಧ ಲೋಟ ಕಾಫಿ, ಎರಡು ಬಿಸ್ಕತ್ತು ತಿಂದು ಮಲಗುತ್ತಿದ್ದೆ. ಹೊಟ್ಟೆ ತುಂಬಾ ತಿಂದರೆ ನಿದ್ದೆ ಬರಲ್ಲ ಅಂತ. ಗ್ಲಿಮೆಪಿರೈಡ್ ನೀವು ತಿಂದಿದ್ದೀರಾ ಇಲ್ಲವಾ ಅಂತ ಕಾಯುವುದಿಲ್ಲ. ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಗೆ ಹಾಕಿಸುತ್ತದೆ. ಒಂದು ಮಾತ್ರೆಯ ಕೆಲಸ ಇಡೀ ದಿನ ಇರುತ್ತದೆ. ಇದನ್ನು ನಾನೇ ರೋಗಿಗಳಿಗೆ ಬಾಯಿಪಾಠದಂತೆ ಹೇಳಿದ್ದೇನೆ: ಮಾತ್ರೆ ತಗೊಂಡ ಮೇಲೆ ತಿಂಡಿ ಬಿಡಬೇಡಿ ಅಮ್ಮ. 1 ಮಿಲಿಗ್ರಾಂ ಇದ್ದಾಗ ಹೇಗೋ ನಡೆಯಿತು. 2 ಆದ ಮೇಲೆ ನಡೆಯಲಿಲ್ಲ.

ಸೂಚನೆ ಇರಲಿಲ್ಲ ಅಂತಲ್ಲ. ಹನ್ನೊಂದು ಹನ್ನೆರಡು ಗಂಟೆಗೆ ಮೈಯೆಲ್ಲ ಬೆವತು ಎಚ್ಚರ ಆಗುತ್ತಿತ್ತು, ಎದೆ ಡವಡವ. ಮುಟ್ಟು ನಿಲ್ಲುವ ಕಾಲ, ಇದೆಲ್ಲ ಇದ್ದದ್ದೇ ಅಂದುಕೊಂಡೆ. ಆ ವಯಸ್ಸಿನ ಹೆಂಗಸು ಬೆವತರೆ ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ನಾನೂ ನನಗೆ ಅದನ್ನೇ ಹೇಳಿಕೊಂಡೆ. ಗ್ಲುಕೋಮೀಟರ್ ಕೈಗೆ ಸಿಗುವಷ್ಟು ದೂರದಲ್ಲಿ, ಮಂಚದ ಪಕ್ಕದ ಡ್ರಾಯರ್‌ನಲ್ಲೇ ಇತ್ತು. ವಾರ್ಡ್‌ನಲ್ಲಿ ಶುಗರ್ ಇರುವ ರೋಗಿ ಬೆವತರೆ ಮೊದಲು ಬೆರಳು ಚುಚ್ಚುವವಳು ನಾನು. ನನ್ನ ಬೆರಳು ಒಮ್ಮೆಯೂ ಚುಚ್ಚಿಕೊಳ್ಳಲಿಲ್ಲ.

ಒಂದು ದಿನ ಗ್ಯಾಸ್ ಸಿಲಿಂಡರ್‌ನವನು ಬೆಲ್ ಒತ್ತಿದ. ಎದ್ದೆ, ನಾಲ್ಕು ಹೆಜ್ಜೆ ಇಟ್ಟಿದ್ದು ನೆನಪಿದೆ. ಎಡಗೈ ಊರಿ ಬಿದ್ದಿದ್ದೆ. ಕ್ಯಾಶುಯಾಲ್ಟಿಯಲ್ಲಿ ನೋಡಿದಾಗ ಶುಗರ್ 46. 70ಕ್ಕಿಂತ ಕೆಳಗೆ ಬಂದರೇ ನಾವು ಓಡುತ್ತೇವೆ, ನಿಮಗೆ ಗೊತ್ತಲ್ಲ. ಡೆಕ್ಸ್ಟ್ರೋಸ್ (ಗ್ಲೂಕೋಸ್) ಹಾಕಿದ ಮೇಲೆ ಸರಿಹೋಯಿತು, ಆದರೆ ಈ ಮಾತ್ರೆಯಿಂದ ಇಳಿದ ಶುಗರ್ ಮತ್ತೆ ಮತ್ತೆ ಇಳಿಯಬಹುದು ಅಂತ ರಾತ್ರಿ ಪೂರ್ತಿ ಅಡ್ಮಿಟ್ ಮಾಡಿಕೊಂಡರು. ಎಡಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ತೆಗೆದ ಮೇಲೂ ಹಿಡಿತ ಮೊದಲಿನಂತೆ ಬರಲಿಲ್ಲ. ಕ್ಯಾನುಲಾ (ಡ್ರಿಪ್‌ಗೆ ನರಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವಾಗ ಎಡಗೈಯಲ್ಲಿ ಚರ್ಮ ಎಳೆದು ಹಿಡಿಯಬೇಕಲ್ಲ, ಅಲ್ಲಿ ಹೆಬ್ಬೆರಳು ಸೋಲುತ್ತದೆ. ಆಸ್ಪತ್ರೆಯವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ರಜೆಗೆ ಸಂಬಳವೂ ಇಲ್ಲ. ನೈಟ್ ಅಲೊವನ್ಸ್ ಅಂತ ಕೂಡಿಸಿದ್ದೆಲ್ಲ ಮೂಳೆ ಡಾಕ್ಟರಿಗೆ ಹೋಯಿತು.

ನೀವು ಕ್ಯಾನ್ಸರ್ ಭಯವನ್ನೂ ಬರೆದಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಸುಳ್ಳಲ್ಲ. ಆದರೆ ಅದೇ ಗುಂಪಿನಲ್ಲಿ ಕುರಿ ಮಾಂಸವೂ ಇದೆ. ಆ ಪಟ್ಟಿ ಸಾಕ್ಷಿ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಇಪ್ಪತ್ತು ವರ್ಷ ನೈಟ್ ಮಾಡುವವರು ಅದರ ಬಗ್ಗೆ ಯೋಚಿಸಲಿ. ನಮ್ಮ ವಯಸ್ಸಿನವರನ್ನು ಬೀಳಿಸುವುದು ಶುಗರ್, ಬಿಪಿ, ಮತ್ತೆ ಬೆಳಿಗ್ಗೆ ಸ್ಕೂಟಿ ಓಡಿಸುವಾಗ ಬರುವ ಅರ್ಧ ನಿಮಿಷದ ಮಂಪರು. ನೈಟ್ ಮುಗಿಸಿ ಸ್ಕೂಟಿ ಮುಟ್ಟಬೇಡಿ. ಬಸ್ಸಿಗೆ ಹೋಗಿ, ಆಟೋ ಹಂಚಿಕೊಳ್ಳಿ. ಇದರಲ್ಲಿ ಎರಡು ಮಾತಿಲ್ಲ.

ಸರಿ, ಹೋಗುವುದೇ ಅಂತಾದರೆ ಮೊದಲು ಡ್ಯೂಟಿ ಪಟ್ಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಯಾವ ಮಾತ್ರೆ ಎಷ್ಟು ಗಂಟೆಗೆ ಅಂತ ನೈಟ್ ದಿನಕ್ಕೆ ಬೇರೆ, ಆಫ್ ದಿನಕ್ಕೆ ಬೇರೆ ಬರೆಸಿಕೊಳ್ಳಿ. ಬೆಳಿಗ್ಗೆ ಸಂಜೆ ಅನ್ನುವ ಪದವೇ ಚೀಟಿಯಲ್ಲಿ ಇರಕೂಡದು. ಥೈರಾಯ್ಡ್ ಮಾತ್ರೆ ಇದ್ದರೆ ಅದೂ ಸೇರಿ, ಅದಕ್ಕೆ ಖಾಲಿ ಹೊಟ್ಟೆ ಬೇಕಲ್ಲ. ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಎರಡು ನೈಟ್, ಒಂದು ಮಾರ್ನಿಂಗ್, ಮತ್ತೆ ನೈಟ್ ಅನ್ನುವ ಚೆಲ್ಲಾಪಿಲ್ಲಿ ಡ್ಯೂಟಿ ಒಪ್ಪಿಕೊಳ್ಳಬೇಡಿ. ನನ್ನ ಅನುಭವದಲ್ಲಿ ನೈಟ್‌ಗಿಂತ ಆ ತಿರುಗಾಟವೇ ಹೆಚ್ಚು ಸುಸ್ತು ಮಾಡಿದ್ದು.

ಮತ್ತೆ ಮನೆ. ಮಗಳ ಮದುವೆ ಸಾಲ ನಿಮ್ಮೊಬ್ಬರದಾ? ನಿಮ್ಮ ಯಜಮಾನರ ಬಗ್ಗೆ ನೀವು ಏನೂ ಬರೆದಿಲ್ಲ. ಅವರು ಮಧ್ಯಾಹ್ನದ ಅಡುಗೆ ಮಾಡುತ್ತಾರಾ, ಬಾಗಿಲು ತೆರೆಯುತ್ತಾರಾ, ನೀವು ಮಲಗಿದ್ದಾಗ ಬಂದ ನೆಂಟರನ್ನು ಸಂಭಾಳಿಸುತ್ತಾರಾ? ಇಲ್ಲ ಅಂದರೆ ಹೋಗಬೇಡಿ. ಅಲೊವನ್ಸ್ ಎಷ್ಟೇ ಕೊಡಲಿ. ಸಾಲದ ಕಂತು ಸ್ವಲ್ಪ ಇಳಿಸಿಕೊಡಿ ಅಂತ ಬ್ಯಾಂಕಿನಲ್ಲಿ ಕೇಳುವುದು ಇದಕ್ಕಿಂತ ಸುಲಭ. ನಮ್ಮ ಯಜಮಾನರು ಸಾರು ಮಾಡಲು ಕಲಿತಿದ್ದು ನನ್ನ ಕೈ ಮುರಿದ ಮೇಲೆ. ಚೆನ್ನಾಗಿಯೇ ಮಾಡುತ್ತಾರೆ, ಹುಳಿ ಸ್ವಲ್ಪ ಮುಂದು.

ಈಗ ನಾನು ಡಯಾಲಿಸಿಸ್ ಯೂನಿಟ್ ಒಂದರಲ್ಲಿ ಬೆಳಗಿನ ಪಾಳಿ ಮಾಡುತ್ತೇನೆ. ಸಂಬಳ ಕಡಿಮೆ. ಮಷಿನ್, ರೀಡಿಂಗ್, ರಿಜಿಸ್ಟರ್ ನನ್ನದು, ಸೂಜಿ ಹಾಕುವುದು ಹುಡುಗಿಯರು. ಇಂಥ ಜಾಗ ನಿಮ್ಮ ಊರಿನಲ್ಲಿ ಇದೆಯಾ ಅಂತ ಒಮ್ಮೆ ವಿಚಾರಿಸಿ.

ನಿಮಗೆ ಶುಗರ್ ಇದೆ ಅಂತಷ್ಟೇ ಬರೆದಿದ್ದೀರಿ, ಮಾತ್ರೆ ಯಾವುದು ಅಂತ ಹೇಳಿಲ್ಲ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಶುಗರ್ ಹೀಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಅದೇ ಜಾತಿಯ ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದರೆ ಡಾಕ್ಟರನ್ನು ಕಾಣುವ ತನಕ ಆಸ್ಪತ್ರೆಯವರಿಗೆ ಹೂಂ ಅನ್ನಬೇಡಿ.