ಇಪ್ಪತ್ತು ಸಾವಿರದೊಳಗೆ ಹಳೆಯ ಡಿಎಸ್‌ಎಲ್‌ಆರ್: ಪೂರ್ತಿ ಹಣ ಕ್ಯಾಮೆರಾ ಬಾಡಿಯ ಮೇಲೇ ಸುರಿಯಬೇಡಿ

ಬೀದರಿನಲ್ಲಿರುವ ನೀವು ಇಪ್ಪತ್ತು ಸಾವಿರ ರೂಪಾಯಿಯೊಳಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಕೊಳ್ಳಬೇಕೆಂದಿದ್ದೀರಿ. ಕೋಟೆ, ಅಷ್ಟೂರಿನ ಗುಂಬಜ್‌ಗಳು ಹಾಗೂ ಮಗಳ ಶಾಲೆಯ ವಾರ್ಷಿಕೋತ್ಸವದ ಫೋಟೊ ತೆಗೆಯುವ ಆಸೆ ನಿಮ್ಮದು. ಪರಿಚಯದ ಮದುವೆ ಫೋಟೊಗ್ರಾಫರರೊಬ್ಬರು ಕೊಡಲು ಒಪ್ಪಿರುವ ನಿಕಾನ್ ಡಿ5300 ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ.

ತೆಗೆದುಕೊಳ್ಳಬಹುದು, ಆದರೆ ಇನ್ನೊಂದು ಲೆನ್ಸಿಗೆ ಹಣ ಉಳಿಯುವಂತಿದ್ದರೆ ಮಾತ್ರ. ಮೆಗಾಪಿಕ್ಸೆಲ್ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 2013ರಲ್ಲಿ ಬಂದ ಡಿ5300ರಲ್ಲಿ 24 ಮೆಗಾಪಿಕ್ಸೆಲ್ ಇವೆ, ಅದೇ ವರ್ಷದ ಕ್ಯಾನನ್ 700ಡಿಯಲ್ಲಿ 18. ಮದುವೆ ಆಲ್ಬಮ್ಮಿನ 12×18 ಇಂಚಿನ ಹಾಳೆಗೂ ಹದಿನೆಂಟು ಸಾಕಾಗುತ್ತದೆ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಹೊಸದಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ. 2018ರ ಕ್ಯಾನನ್ 3000ಡಿಗೆ ಲೆನ್ಸ್ ಕೂರುವ ಮೌಂಟ್ ಕೂಡ ಪ್ಲಾಸ್ಟಿಕ್ಕಿನದು, ಹಳೆಯ 700ಡಿಗೆ ಲೋಹದ್ದು.

ಕೋಟೆಗೆ ಬಾಡಿಯ ಜೊತೆ ಬರುವ 18-55 ಎಂಎಂ ಜೂಮ್ ಲೆನ್ಸ್ ಧಾರಾಳವಾಗಿ ಸಾಕು. ತೊಂದರೆ ಎದುರಾಗುವುದು ಶಾಲೆಯ ವೇದಿಕೆಯ ಮಂದ ಬೆಳಕಿನಲ್ಲಿ. ಆ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). 50 ಎಂಎಂ ಎಫ್/1.8 ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಸೆಕೆಂಡಿನ 1/20ರಲ್ಲಿ ಕುಣಿಯುವ ಮಗುವಿನ ಕೈಕಾಲು ಕಲಸಿಹೋಗುವ ಕಡೆ ನೀವು 1/180ರ ಆಸುಪಾಸಿನಲ್ಲಿ ತೆಗೆಯಬಹುದು. ಇಲ್ಲಿ ನಿಕಾನಿನ ಒಂದು ತೊಡಕನ್ನು ತಿಳಿದಿರಬೇಕು. ಡಿ3000 ಮತ್ತು (ನೀವು ಕೇಳಿದ ಡಿ5300 ಸೇರಿದ) ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲದ ಕಾರಣ, ಅಗ್ಗವಾಗಿ ಸಿಗುವ ಹಳೆಯ 50 ಎಂಎಂ ಎಎಫ್-ಡಿ ಲೆನ್ಸ್ ಅವುಗಳ ಮೇಲೆ ಕೂರುತ್ತದೆ, ಆದರೆ ತಾನಾಗಿ ಫೋಕಸ್ ಮಾಡುವುದಿಲ್ಲ. ಮೋಟಾರ್ ತನ್ನೊಳಗೇ ಇರುವ ಎಎಫ್-ಎಸ್ ಲೆನ್ಸನ್ನೇ ಹುಡುಕಬೇಕು, ಅದರ ಬೆಲೆ ಹೆಚ್ಚು. ಕ್ಯಾನನ್ನಿನ 50 ಎಂಎಂ ಎಸ್‌ಟಿಎಂ (ಇದರಲ್ಲೂ ಮೋಟಾರ್ ಲೆನ್ಸಿನೊಳಗೇ ಇದೆ) ಕಡಿಮೆಗೆ ಸಿಗುತ್ತದೆ. ನಿಮ್ಮ ಬಜೆಟ್ಟಿಗೆ ನಾನಾದರೆ ಹಳೆಯ 700ಡಿ ಜೊತೆಗೆ ಈ ಲೆನ್ಸನ್ನು ಆರಿಸುತ್ತಿದ್ದೆ.

ಮದುವೆ ಫೋಟೊಗ್ರಾಫರರ ಬಾಡಿಯಾದ್ದರಿಂದ ಶಟರ್ ಎಣಿಕೆ, ಅಂದರೆ ಇದುವರೆಗೆ ಎಷ್ಟು ಫೋಟೊ ಕ್ಲಿಕ್ಕಿಸಿದೆ ಎಂಬುದನ್ನು ನೋಡದೆ ಹಣ ಕೊಡಬೇಡಿ. ಈ ದರ್ಜೆಯ ಶಟರ್ ಸುಮಾರು 1,00,000 ಕ್ಲಿಕ್ಕುಗಳ ಬಾಳಿಕೆಯ ಅಂದಾಜಿನದು. ಮದುವೆಯೊಂದಕ್ಕೆ ಎರಡು ಸಾವಿರ ಫ್ರೇಮು ಹೋದರೆ ಐವತ್ತು ಮದುವೆಗೇ ಅದು ಮುಗಿಯಿತು. ನಿಕಾನಿನಲ್ಲಿ ಈ ಎಣಿಕೆ ಪ್ರತಿ ಫೋಟೊದ ಎಕ್ಸಿಫ್ ಮಾಹಿತಿಯಲ್ಲೇ (ಫೋಟೊ ಫೈಲಿನೊಳಗೆ ಅಡಗಿರುವ ವಿವರ) ಇರುವುದರಿಂದ ನಿಮ್ಮದೇ ಮೆಮೊರಿ ಕಾರ್ಡ್ ಹಾಕಿ ಒಂದು ಫೋಟೊ ತೆಗೆದುಕೊಂಡು ಬಂದರೆ ಸಾಕು. 700ಡಿಯನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಅದಕ್ಕೆಂದೇ ಇರುವ ಸಾಫ್ಟ್‌ವೇರಿನಲ್ಲಿ ನೋಡಬೇಕಾಗುತ್ತದೆ.

ಲೆನ್ಸನ್ನು ಬಾಡಿಯಿಂದ ಕಳಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ನಮ್ಮ ಕಡೆಯ ಬೇಸಿಗೆಯಲ್ಲಿ ಧೂಳಿಲ್ಲದ ಲೆನ್ಸ್ ಸಿಗುವುದೇ ಕಷ್ಟ. ಆದರೆ ಗಾಜಿನ ಅಂಚಿನಿಂದ ಜೇಡರ ಬಲೆಯಂತೆ ಎಳೆಗಳು ಹರಡಿದ್ದರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ. ಒಣ ಹವೆಯ ನಮ್ಮಲ್ಲಿ ಇದು ಕಡಿಮೆಯಾದರೂ, ಮುಂಬಯಿಯಂತಹ ಕರಾವಳಿಯ ಊರುಗಳಿಂದ ಬಂದ ಲೆನ್ಸುಗಳಲ್ಲಿ ಅವಶ್ಯವಾಗಿ ನೋಡಬೇಕು. ಬಳಿಕ ಅಪರ್ಚರನ್ನು ಎಫ್/22ಕ್ಕೆ ಇಟ್ಟು ಬರಿಯ ಆಕಾಶದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕಾದ ಕಪ್ಪು ಚುಕ್ಕೆಗಳು ಚಿತ್ರ ಹಿಡಿಯುವ ಸೆನ್ಸರಿನ ಮೇಲಿನ ಧೂಳು, ಅದನ್ನು ತೆಗೆಸಬಹುದು. ಚೌಕಾಶಿಗೂ ಒಂದು ನೆಪವಾಗುತ್ತದೆ. ಲೆನ್ಸಿಗೆ ಮುಚ್ಚಳ ಹಾಕಿ ಕೆಲವು ಸೆಕೆಂಡುಗಳ ಎಕ್ಸ್‌ಪೋಶರ್ ಕೊಟ್ಟಾಗ ಕೆಂಪು, ನೀಲಿ ಚುಕ್ಕೆಗಳು (ಸೆನ್ಸರಿನ ಕೆಟ್ಟ ಪಿಕ್ಸೆಲ್‌ಗಳು) ದಂಡಿಯಾಗಿ ಕಂಡರೆ ಮಾತ್ರ ಹಿಂದೆ ಸರಿಯಿರಿ.

ಬಾಡಿಯ ತಳದ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ; ಏಕೆ ಬಿಚ್ಚಿದರೆಂದು ಕೇಳಿ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ಬಾಡಿಯ ನಂಬರಿಗೆ ತಾಳೆಯಾಗಬೇಕು. ಆನ್‌ಲೈನ್ ಜಾಹೀರಾತು ನೋಡಿ ಕೊಳ್ಳುವುದಾದರೆ, ತಾನು ಸೈನಿಕ, ವರ್ಗಾವಣೆಯಾಗಿದೆ, ಮೊದಲು ಮುಂಗಡ ಕಳಿಸಿ ಎನ್ನುವವರೊಂದಿಗೆ ಮಾತು ಬೆಳೆಸಲೇ ಬೇಡಿ. ಬೀದರಿನಲ್ಲಿ ಸರಿಯಾದದ್ದು ಸಿಗದಿದ್ದರೆ ಹೈದರಾಬಾದಿನ ಕೋಠಿಗೆ ಹೋಗಿ ನಾಲ್ಕು ಅಂಗಡಿ ಸುತ್ತಬಹುದು, ಆದರೆ ಅಲ್ಲಿಯೂ ಟಾರ್ಚ್ ಹಾಯಿಸಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.